ಹುಳದ ಮನೆಗೆ ಬಂದ ಲೇತ್

ನನಗೆ ಬಡ್ತಿ ಸಿಕ್ಕಿದ್ದು ಎರಡೇ ಸಲ, ಎರಡೂ ತಡವಾಗಿ. ಆ ಕಥೆ ಹೇಳಿದರೆ ಕೇಳುವವರಿಗೆ ಬೇಜಾರು, ನನಗೆ ಪಿತ್ತ ಕೆರಳುತ್ತದೆ. ಹಾಗಾಗಿ ಅದನ್ನು ಪಕ್ಕಕ್ಕಿಟ್ಟು, ಟರ್ನರ್ ಕೆಲಸಕ್ಕೆ ಈಗ ಕೈ ಹಾಕುತ್ತಿರುವವರಿಗೆ ಉಪಯೋಗಕ್ಕೆ ಬಂದೀತು ಎನಿಸಿದ್ದನ್ನಷ್ಟೇ ಬರೆಯುತ್ತೇನೆ. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೂ ಮೈಕ್ರೋಮೀಟರಿನ ಗೆರೆ ನನಗೆ ಮೊದಲಿನಂತೆ ಕಾಣುವುದಿಲ್ಲ. ಗೆರೆ ಕಾಣದವನು ಲೇತಿನ ಮುಂದೆ ನಿಲ್ಲಬಾರದು ಎಂದು ಹೋದ ವರ್ಷ ಕೆಲಸ ನಿಲ್ಲಿಸಿದೆ. ಕೈ ಸುಮ್ಮನಿರುವುದಿಲ್ಲ, ಅದಕ್ಕೇ ಪೆನ್ನು ಹಿಡಿದಿದ್ದೇನೆ.

ಲೇತ್ ನೋಡದವರಿಗೆ ಒಂದು ಮಾತು. ಚನ್ನಪಟ್ಟಣದ ಬೊಂಬೆ ಮಾಡುವವರು ಮರದ ತುಂಡನ್ನು ತಿರುಗಿಸಿ, ಉಳಿ ಕೊಟ್ಟು ಕಡೆಯುವುದನ್ನು ನೋಡಿದ್ದೀರಲ್ಲ, ಅದೇ ಕೆಲಸವನ್ನು ಕಬ್ಬಿಣದ ಮೇಲೆ ಮಾಡುವ ಯಂತ್ರ ಇದು. ಬೊಂಬೆಯ ಸೊಂಟ ಒಂದು ಕೂದಲೆಳೆ ದಪ್ಪವಾದರೆ ಯಾವ ಮಗುವೂ ದೂರು ಹೇಳುವುದಿಲ್ಲ. ಶಾಫ್ಟು ಒಂದು ಕೂದಲೆಳೆ ದಪ್ಪವಾದರೆ ಬೇರಿಂಗು ಏರುವುದಿಲ್ಲ, ಸಣ್ಣಗಾದರೆ ಏರಿದ್ದು ನಿಲ್ಲುವುದಿಲ್ಲ. ನಮ್ಮ ಅನ್ನ ಆ ಕೂದಲೆಳೆಯಲ್ಲಿತ್ತು.

ನಾನು ಹುಟ್ಟಿದ್ದು ಮಾಗಡಿ ತಾಲ್ಲೂಕಿನ ಗುಡೇಮಾರನಹಳ್ಳಿಯಲ್ಲಿ, ಬಾಳಿದ್ದು ಹೊಂಗನೂರಿನಲ್ಲಿ. ನನ್ನ ಹೆಂಡತಿ ಜಯಮ್ಮ ಅವರಪ್ಪನಿಗೆ ಒಬ್ಬಳೇ ಮಗಳು. ಮನೆ, ಹಿಪ್ಪುನೇರಳೆ ತೋಟ, ರೇಷ್ಮೆ ಹುಳ ಸಾಕುವ ಹುಳದ ಮನೆ ಎಲ್ಲ ಅವಳ ಕಡೆಯದು. ನಾನು ಮನೆ ಅಳಿಯ. ಇಪ್ಪತ್ತನಾಲ್ಕು ವರ್ಷ ಚನ್ನಪಟ್ಟಣದಿಂದ ಬೆಳಗಿನ ರೈಲು ಹತ್ತಿ ಬೆಂಗಳೂರಿನ ಫ್ಯಾಕ್ಟರಿಗೆ ಹೋಗಿ, ಕತ್ತಲಾದ ಮೇಲೆ ಬರುತ್ತಿದ್ದೆ. ಮನೆಯಲ್ಲಿ ಹಗಲು ಹೊತ್ತು ಹೇಗಿರುತ್ತದೆ ಎಂಬುದೇ ನನಗೆ ಸರಿಯಾಗಿ ಗೊತ್ತಿರಲಿಲ್ಲ. ಊರಿನವರು ನನ್ನನ್ನು ರೈಲಳಿಯ ಎಂದು ಕರೆಯುತ್ತಿದ್ದರು.

ಫ್ಯಾಕ್ಟರಿಯಲ್ಲಿ ನಮ್ಮ ಫೋರ್‌ಮನ್ ಗೋವಿಂದರಾಜು. ಕೂಗುತ್ತಿರಲಿಲ್ಲ, ಬಯ್ಯುತ್ತಿರಲಿಲ್ಲ, ಆದರೆ ಅವರು ಹಿಂದೆ ಬಂದು ನಿಂತರೆ ಬೆನ್ನು ತಣ್ಣಗಾಗುತ್ತಿತ್ತು. ಸೇರಿದ ಹೊಸದರಲ್ಲಿ ನಾನೊಂದು ತಪ್ಪು ಮಾಡಿದೆ. ಕೆಲಸದ ತುಂಡನ್ನು ಹಿಡಿಯುವ ಚಕ್ಕನ್ನು ಬಿಗಿಮಾಡಿ, ಬಿಗಿಮಾಡಿದ ಕೀಲಿಯನ್ನು ಅದರಲ್ಲೇ ಮರೆತು ಮೋಟರ್ ಹಾಕಿದೆ. ಕೀಲಿ ಸಿಡಿದು ಹೋಗಿ ಗೋಡೆಯ ಗಾರೆ ಕಿತ್ತಿತು. ಯಾರ ತಲೆಗೂ ತಾಗಲಿಲ್ಲ. ಗೋವಿಂದರಾಜು ಸಾಹೇಬರು ಬಂದು, ಕೀಲಿ ಎತ್ತಿಕೊಂಡು, ಅದಕ್ಕೊಂದು ಹುರಿ ಕಟ್ಟಿ ನನ್ನ ಕೊರಳಿಗೆ ಹಾಕಿದರು. "ಒಂದು ವಾರ ಇದು ಇಲ್ಲೇ ಇರಲಿ. ಊಟಕ್ಕೆ ಹೋದಾಗಲೂ" ಎಂದರು. ಕ್ಯಾಂಟೀನಿನಲ್ಲಿ ಅನ್ನ ಬಡಿಸುವವನು ಮುಹೂರ್ತ ಎಷ್ಟೊತ್ತಿಗಿತ್ತು ಎಂದು ಕೇಳಿದ. ನಾಚಿಕೆಯಿಂದ ಸತ್ತೆ, ಆದರೆ ಆಮೇಲೆ ಒಂದು ದಿನವೂ ಕೀಲಿ ಮರೆಯಲಿಲ್ಲ. ಬಯ್ದಿದ್ದರೆ ಖಂಡಿತ ಮರೆಯುತ್ತಿದ್ದೆ.

ಎರಡು ಸಾವಿರದ ಇಸವಿ ದಾಟುತ್ತಿದ್ದಂತೆ ಕಂಪ್ಯೂಟರ್ ಹೇಳಿದಂತೆ ಕೇಳುವ ಯಂತ್ರಗಳು ಬಂದವು. ಅವು ಚೆನ್ನಾಗಿಯೇ ಕೆಲಸ ಮಾಡುತ್ತಿದ್ದವು, ಹೊಟ್ಟೆಕಿಚ್ಚಿನಿಂದ ಸುಳ್ಳು ಹೇಳಬಾರದು. ನಾವು ಒಂದು ಪಾಳಿಯಲ್ಲಿ ಮಾಡುತ್ತಿದ್ದುದನ್ನು ಅವು ಟೀ ಕುಡಿಯುವಷ್ಟರಲ್ಲಿ ಮುಗಿಸುತ್ತಿದ್ದವು. ನಮ್ಮ ಹಳೇ ಲೇತುಗಳನ್ನು ಸಾಲಾಗಿ ಶೆಡ್ಡಿನ ಆಚೆ ನಿಲ್ಲಿಸಿ ಟಾರ್ಪಾಲು ಹೊದಿಸಿದರು. ಸ್ವಲ್ಪ ದಿನಕ್ಕೆ ನಮಗೂ ಸ್ವಯಂ ನಿವೃತ್ತಿಯ ಕಾಗದ ಕೊಟ್ಟರು. ಟಾರ್ಪಾಲು ಒಂದು ಹೊದಿಸಲಿಲ್ಲ.

ಆ ಸಾಲಿನಲ್ಲಿ ನಾನು ಹದಿನೆಂಟು ವರ್ಷ ನಿಂತು ದುಡಿದ ಲೇತ್ ಇತ್ತು. ನನಗಿಂತ ಹಳೆಯದು. ಗೇರ್ ಪೆಟ್ಟಿಗೆ ಇಲ್ಲ, ಮೆಟ್ಟಿಲು ಮೆಟ್ಟಿಲಾದ ರಾಟೆಗೆ ಚರ್ಮದ ಪಟ್ಟಿ ಹಾಕಿ ಓಡಿಸುವ ಕಾಲದ್ದು. ಹರಾಜಿನಲ್ಲಿ ಅದನ್ನು ನಾನೇ ಕೂಗಿ ಹಿಡಿದೆ. ಹೊಸದಾಗಿ ಬಂದಿದ್ದ ಎಂಜಿನಿಯರ್ ನಕ್ಕು, "ಪುಟ್ಟಸ್ವಾಮಿ, ಇದನ್ನ ಮನೇಲಿ ಇಟ್ಕೊಂಡು ಏನ್ ಮಾಡ್ತೀರ್ರೀ, ಬಟ್ಟೆ ಒಣಗಾಕ್ತೀರಾ?" ಎಂದ. ನನಗೆ ಆಗ ಐವತ್ತು ತುಂಬಿರಲಿಲ್ಲ. ನನಗೆ ಗೊತ್ತಿದ್ದ ವಿದ್ಯೆ ಒಂದೇ. ಯಂತ್ರ ಬಿಟ್ಟು ಬರಿಗೈಯಲ್ಲಿ ಮನೆಗೆ ಹೋದರೆ ನಾನು ಹೆಂಡತಿಯ ತೋಟದಲ್ಲಿ ಕೂಲಿ ಆಗುತ್ತೇನೆಯೇ ಹೊರತು ಟರ್ನರ್ ಆಗಿರುವುದಿಲ್ಲ. ಈ ಮಾತು ಎಂಜಿನಿಯರಿಗೆ ಹೇಳಲಿಲ್ಲ. ಲಾರಿ ಗೊತ್ತುಮಾಡಿದೆ.

ಗೋವಿಂದರಾಜು ಸಾಹೇಬರು ನನಗಿಂತ ಮೊದಲೇ ನಿವೃತ್ತರಾಗಿದ್ದರು. ಸುದ್ದಿ ತಿಳಿದು ಲಾರಿ ಹೊರಡುವ ಹೊತ್ತಿಗೆ ಗೇಟಿಗೆ ಬಂದು, ಮಟ್ಟ ನೋಡುವ ತಮ್ಮ ರಸಮಟ್ಟವನ್ನು ಕೈಗಿಟ್ಟರು. ಗಾರೆಯವರು ಇಟ್ಟುಕೊಳ್ಳುವಂಥದ್ದಲ್ಲ ಅದು. ಅದರ ಕೆಳಗೆ ಒಂದು ಬದಿಗೆ ಸಿಗರೇಟಿನ ಕಾಗದ ಸಿಕ್ಕಿಸಿದರೂ ಒಳಗಿನ ಗುಳ್ಳೆ ಓಡಿಹೋಗುತ್ತದೆ. "ಯಂತ್ರ ಎಷ್ಟು ಹಳೇದಾದ್ರೂ ಪರವಾಗಿಲ್ಲ, ಕೂರಿಸೋದು ಸರಿಯಾಗಿ ಕೂರಿಸು" ಎಂದು ಹೇಳಿ ಆಟೋ ಹತ್ತಿದರು.

ಹೊಂಗನೂರಿನಲ್ಲಿ ಲೇತ್ ಇಳಿಸಿದ್ದು ಒಂದು ಜಾತ್ರೆಯೇ. ಹುಣಸೇಮರದ ಕೊಂಬೆಗೆ ಚೈನು ರಾಟೆ ಕಟ್ಟಿ, ಕಬ್ಬಿಣದ ಪೈಪುಗಳ ಮೇಲೆ ಉರುಳಿಸಿ, ಐಸಾ ಐಸಾ ಎಂದು ಊರಿನವರೆಲ್ಲ ಸೇರಿ ದನದ ಕೊಟ್ಟಿಗೆಯ ತನಕ ತಂದರು. ಪಕ್ಕದ ಮನೆ ಕೆಂಪಣ್ಣ ಬೂದುಗುಂಬಳ ಒಡೆದ. ಜಯಮ್ಮ ಅರಿಸಿನ ಕುಂಕುಮ ಇಟ್ಟು, ಒಂದು ಸುತ್ತು ಬಂದು, "ಇದು ಏನ್ ತಿಂತದೆ?" ಎಂದಳು. ಕರೆಂಟು ಎಂದೆ. ಹಂಗಾದ್ರೆ ನಮ್ಮೂರಲ್ಲಿ ಉಪವಾಸವೇ ಎಂದಳು.

ಅವಳ ಮಾತು ಸುಳ್ಳಾಗಲಿಲ್ಲ. ಮನೆಗಳಿಗೆ ಬರುತ್ತಿದ್ದುದು ಸಿಂಗಲ್ ಫೇಸ್. ಲೇತಿನ ಮೋಟರಿಗೆ ಬೇಕಾದದ್ದು ತ್ರೀ ಫೇಸ್. ಅದು ಬರುತ್ತಿದ್ದುದು ಹೊಲದ ಪಂಪುಗಳಿಗೆ, ಅದೂ ಅವರು ಬಿಟ್ಟಷ್ಟು ಹೊತ್ತು. ಕೆಂಪಣ್ಣ ಉಪಾಯ ಹೇಳಿದ. "ಒಂದ್ ಕಂಡೆನ್ಸರ್ ಹಾಕ್ಕೊಂಡು ಓಡ್ಸು ಕಣ್ಲಾ. ನಮ್ ಮೋಟ್ರು ಓಡ್ತಿಲ್ವಾ? ಅದೇನ್ ನಿನ್ ಲೇತು ಮ್ಯಾಲಿಂದ ಇಳಿದ್ಬಂದದಾ?" ಹಾಕಿ ನೋಡಿದೆ. ಮೋಟರ್ ಓಡಿತು, ಆದರೆ ಗೊರಗೊರ ಎನ್ನುತ್ತಾ ನಡುಗಿತು. ಹಸು ಹಗ್ಗ ಕಿತ್ತುಕೊಂಡು ಆಚೆ ಹೋಯಿತು. ಕಡೆದ ಕಬ್ಬಿಣದ ಮೈಮೇಲೆ ಉತ್ತ ಹೊಲದಂತೆ ಸಾಲು ಎದ್ದವು. ಮೋಟರ್ ಮುಟ್ಟಿದರೆ ಕೈ ಸುಡುತ್ತಿತ್ತು. ನೀರೆತ್ತುವ ಪಂಪು ಒಸಿ ನಡುಗಿದರೂ ನೀರು ನೀರೇ. ಲೇತು ನಡುಗಿದರೆ ಆ ನಡುಕವೆಲ್ಲ ಕೆಲಸದ ಮೇಲೆ ಅಚ್ಚಾಗುತ್ತದೆ. ಇದನ್ನು ನೀವೂ ನೆನಪಿಡಿ. ಅಕ್ಕಪಕ್ಕದವರ ಉಪಾಯ ಅವರ ಯಂತ್ರಕ್ಕೆ ಸರಿ, ನಿಮ್ಮದಕ್ಕೆ ಸರಿಯೋ ಎಂದು ನೀವೇ ನೋಡಬೇಕು.

ಸರಿ, ತ್ರೀ ಫೇಸ್ ಲೈನಿಗೆ ಅರ್ಜಿ ಹಾಕಿದೆ. ನಮ್ಮಲ್ಲಿ ಕಾಂಕ್ರೀಟು ನೆಲವಿದ್ದ, ಬೀಗ ಹಾಕಬಹುದಾದ ಕೋಣೆ ಎಂದರೆ ಹುಳದ ಮನೆ ಒಂದೇ, ಅದನ್ನೇ ಬರೆದಿದ್ದೆ. ಕಚೇರಿಯ ಸಾಹೇಬರು ಅರ್ಜಿ ಓದಿ ಕನ್ನಡಕ ತೆಗೆದರು. "ಹುಳದ ಮನೆ ಅಂದ್ರೆ ಕೃಷಿ. ಲೇತ್ ಅಂದ್ರೆ ಕೈಗಾರಿಕೆ. ನಿಮ್ದು ಯಾವ್ದುರೀ?"

"ಸದ್ಯಕ್ಕೆ ಹುಳ ಒಳಗವೆ ಸಾರ್, ಲೇತು ದನದ ಕೊಟ್ಟಿಗೇಲೈತೆ."

"ಹಂಗಾದ್ರೆ ಅದು ಪಶುಸಂಗೋಪನೆ" ಎಂದರು. ಕಚೇರಿಯೆಲ್ಲ ನಕ್ಕಿತು, ನಾನೂ ನಕ್ಕೆ. ನಕ್ಕು ಮರುವಾರ ಮತ್ತೆ ಹೋದೆ. ಅದರ ಮರುವಾರವೂ ಹೋದೆ. ಅವರು ಕೇಳಿದ ಕಾಗದ ಕೊಟ್ಟು, ಕೇಳದಿದ್ದ ಕಾಗದವನ್ನೂ ಜೊತೆಗೆ ಕೊಟ್ಟೆ. ನಾಲ್ಕು ತಿಂಗಳಾದ ಮೇಲೆ, ಇವನ ಮುಖ ನೋಡುವುದಕ್ಕಿಂತ ಲೈನ್ ಕೊಡುವುದೇ ಸುಲಭ ಎಂದು ಅವರಿಗೆ ಅನ್ನಿಸಿರಬೇಕು. ಮಂಜೂರಾಯಿತು.

ಆಗ ಉಳಿದದ್ದು ಜಯಮ್ಮನ ಮಂಜೂರಾತಿ. ರೇಷ್ಮೆ ಹುಳಕ್ಕೆ ಎಣ್ಣೆ ವಾಸನೆ ಆಗದು, ಹೊಗೆ ಆಗದು, ನನ್ನ ಬೀಡಿ ಸಹ ಆಗದು. ಹುಳವೂ ಲೇತೂ ಒಂದೇ ಕೋಣೆಯಲ್ಲಿ ಇರಲು ಸಾಧ್ಯವಿಲ್ಲ. ಫ್ಯಾಕ್ಟರಿ ಸಂಬಳ ನಿಂತ ಮೇಲೆ ಮನೆ ನಡೆಯುತ್ತಿದ್ದುದು ಅವಳ ರೇಷ್ಮೆ ಗೂಡಿನಿಂದ. ಅವಳು ಯೋಚಿಸಿ, "ಈ ಗೂಡು ಮಾರಿದ್ ಮ್ಯಾಕೆ ಒಂದ್ ಬೆಳೆ ಬುಟ್ಕೊಡ್ತೀನಿ. ಅದ್ರ ಮುಂದಿನ ಬೆಳೆಗೆ ಹುಳ ಹೇಳ್ಬುಟ್ಟಿವ್ನಿ. ಆ ದಿನ ನಂಗೆ ಮನೆ ಬೇಕು" ಎಂದಳು.

ನನಗೆ ರೋಷ ಬಂತು. ರೋಷದಲ್ಲಿ ಆಡಿದ ಮಾತು ತಿರುಗಿ ಕಚ್ಚುತ್ತದೆ. "ಹುಳ ಬರೋದ್ರೊಳಗೆ ಗಿರಾಕಿ ಒಪ್ಪೋ ಅಂಥ ಒಂದೇ ಒಂದು ಶಾಫ್ಟ್ ಮಾಡ್ತೀನಿ. ಮಾಡಿದ್ರೆ ಲೇತ್ ಅಲ್ಲೇ ಇರ್ತದೆ, ನಿನ್ನ ಹುಳಕ್ಕೆ ಬೇರೆ ಜಾಗ ನಾನು ನೋಡ್ತೀನಿ. ಮಾಡ್ದಿದ್ರೆ ಗುಜರಿಯವನನ್ನ ನಾನೇ ಕರೀತೀನಿ" ಎಂದೆ. ಅವಳು ಆಗಲಿ ಎಂದಳು. ಆ ಕ್ಷಣದಿಂದ ನನ್ನ ಕಸುಬು ಉಳಿಯುವುದೂ ಹೋಗುವುದೂ ಒಂದು ಶಾಫ್ಟಿನ ಮೇಲೆ ನಿಂತಿತು.

ಗೂಡು ಮಾರಿದ ಮರುದಿನವೇ ಲೇತನ್ನು ಹುಳದ ಮನೆಗೆ ಉರುಳಿಸಿ, ಬೆಳಕು ಬೀಳುವ ಕಿಟಕಿಯ ಪಕ್ಕ ನಿಲ್ಲಿಸಿದೆವು. ಲೈನ್‌ಮನ್ ಬಂದು ತಂತಿ ಕೊಟ್ಟು ಹೋದ. ಬುದ್ಧಿಗೆಟ್ಟ ನಾನು ಎಲ್ಲ ನೋಡಿದೆ, ಎಣ್ಣೆ ಬಿಟ್ಟೆ, ಪಟ್ಟಿ ಬಿಗಿಮಾಡಿದೆ, ಮೋಟರ್ ಯಾವ ದಿಕ್ಕಿಗೆ ತಿರುಗುತ್ತದೆ ಎಂಬುದೊಂದನ್ನು ನೋಡಲಿಲ್ಲ. ಸ್ವಿಚ್ ಹಾಕಿದೆ. ಅದು ಉಲ್ಟಾ ತಿರುಗಿತು. ಆ ಕಾಲದ ಲೇತಿನಲ್ಲಿ ಚಕ್ಕು ಸ್ಕ್ರೂವಿನಂಥ ಸುತ್ತುಗೆರೆಯ ಮೇಲೆ ತಿರುಚಿ ಕೂತಿರುತ್ತದೆ. ಸರಿಯಾಗಿ ತಿರುಗಿದರೆ ಬಿಗಿಯುತ್ತದೆ, ಉಲ್ಟಾ ತಿರುಗಿದರೆ ಬಿಚ್ಚಿಕೊಳ್ಳುತ್ತದೆ. ಅಷ್ಟು ತೂಕದ ಚಕ್ಕು ನನ್ನ ಕಣ್ಣೆದುರೇ ಬಿಚ್ಚಿಕೊಂಡು, ಮುಂದೆ ಇಟ್ಟಿದ್ದ ಹಲಗೆ ಮುರಿದು, ನನ್ನ ಬಲಗಾಲಿನ ಪಕ್ಕ ಒಂದು ಗೇಣು ದೂರದಲ್ಲಿ ಬಿತ್ತು. ಮೊದಲು ಸ್ವಿಚ್ ಆರಿಸಿದೆ.

ಲೈನ್‌ಮನ್ನನ್ನು ಕರೆಸಿದರೆ ಅವನು, "ಪಂಪಾದ್ರೆ ಉಲ್ಟಾ ತಿರುಗುದ್ರೆ ನೀರ್ ಬರಾಕಿಲ್ಲ, ಆಗ ಎರಡ್ ವೈರ್ ಅದ್ಲುಬದ್ಲು ಮಾಡ್ಕೊಂತಾರೆ ಸಾಮಿ, ಅದ್ಕೇನೀಗ?" ಎಂದ. ಅವನ ಮಾತೂ ಸರಿಯೇ. ಎರಡು ತಂತಿ ಅದಲುಬದಲು ಮಾಡಿದರೆ ಮುಗಿಯಿತು. ಆದರೆ ಮೊದಲ ಸಲ ಸ್ವಿಚ್ ಹಾಕುವಾಗ ಚಕ್ಕು ಕಳಚಿ ಕೆಳಗಿಡಿ, ಪಟ್ಟಿಯನ್ನೂ ತೆಗೆದಿಡಿ. ಊರಿನ ಟ್ರಾನ್ಸ್‌ಫಾರ್ಮರ್ ರಿಪೇರಿಯಾದ ದಿನವೂ ಹಾಗೇ ಮಾಡಿ. ನಾನು ಆಮೇಲೆ ಪ್ರತಿ ಸಲ ಹಾಗೇ ಮಾಡಿದೆ.

ಇನ್ನು ಕೂರಿಸುವುದು. ಲೇತಿನ ಉದ್ದನೆಯ ಹಾಸನ್ನು ಬೆಡ್ ಎನ್ನುತ್ತೇವೆ. ಬೆಡ್ಡಿನ ನಾಲ್ಕು ಮೂಲೆಯೂ ಸಮನಾಗಿ ಕೂತರೆ ಲೇತ್ ನೆಟ್ಟಗೆ ಕಡೆಯುತ್ತದೆ. ಒಂದು ಮೂಲೆ ಕುಸಿದರೆ ಬೆಡ್ ತಿರುಚಿಕೊಳ್ಳುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಆದರೆ ಶಾಫ್ಟಿನ ಒಂದು ತುದಿ ದಪ್ಪ, ಇನ್ನೊಂದು ತುದಿ ಸಣ್ಣ ಬರುತ್ತದೆ. ನೆಲ ಕೊರೆದು ಬೋಲ್ಟು ಹೂತು, ಕಾಲಿನ ಕೆಳಗೆ ತಗಡಿನ ತೆಳು ತುಂಡುಗಳನ್ನು ಕೊಡುತ್ತಾ, ರಸಮಟ್ಟದ ಮುಂದೆ ಮಂಡಿಯೂರಿ ಎರಡು ದಿನ ಕಳೆದೆ. ಉಸಿರು ಬಿಟ್ಟರೂ ಗುಳ್ಳೆ ಅಲ್ಲಾಡಿದಂತೆ ಕಾಣುತ್ತಿತ್ತು. ಜಯಮ್ಮ ಬಾಗಿಲಲ್ಲಿ ನಿಂತು, "ರೀ, ಆ ಮೂಲೇಲಿ..." ಎಂದು ಶುರುಮಾಡಿದಳು.

"ಸುಮ್ನಿರು, ಗುಳ್ಳೆ ನಿಲ್ತಾ ಐತೆ" ಎಂದೆ. ಅವಳು ಸೆರಗು ಸಿಕ್ಕಿಸಿಕೊಂಡು ತೋಟಕ್ಕೆ ಹೋದಳು. ಗುಳ್ಳೆ ನಡುವೆ ಬಂದು ನಿಂತಿತು, ನಾನು ಗೆದ್ದೆ ಎಂದುಕೊಂಡೆ.

ಮೊದಲ ಗಿರಾಕಿ ಚನ್ನಪಟ್ಟಣದ ಮಹಬೂಬ್ ಸಾಬರು. ಗೂಡಿನಿಂದ ನೂಲು ತೆಗೆಯುವ ಘಟಕ ಇಟ್ಟಿದ್ದರು, ಜಯಮ್ಮನ ಗೂಡನ್ನೂ ಎಷ್ಟೋ ಸಲ ಕೊಂಡಿದ್ದವರು. ನೂಲು ಸುತ್ತುವ ರಾಟೆಗೆ ಮೂರಡಿ ಉದ್ದದ ಶಾಫ್ಟು ಬೇಕಾಗಿತ್ತು, ಎರಡು ತುದಿಗೂ ಬೇರಿಂಗು. ಮಾಡಿ ಬಟ್ಟೆಯಲ್ಲಿ ಸುತ್ತಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದೆ. ಸಾಬರು ಬೇರಿಂಗು ಹಾಕಿ ನೋಡಿ, ಶಾಫ್ಟನ್ನು ಮೆಲ್ಲಗೆ ನನ್ನ ಕೈಗೇ ಕೊಟ್ಟರು. "ಈ ಕಡೆ ಚೆಂದಾಗಿ ಕೂತ್ಕೊಂತು ಪುಟ್ಟಸ್ವಾಮಣ್ಣ. ಆ ಕಡೆ ನೋಡಿ, ಕೈಯಾಗೇ ಬಂದ್ಬುಡ್ತದೆ. ರಾಟೆ ಅಲ್ಲಾಡುದ್ರೆ ನೂಲು ತುಂಡಾಯ್ತದೆ ಅಲ್ವಾ?" ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಟೀ ತರಿಸಿಕೊಟ್ಟರು. 

ಮನೆಗೆ ಬಂದು ಪರೀಕ್ಷೆ ಮಾಡಿದೆ. ದಪ್ಪ ಸರಳೊಂದನ್ನು ಕಟ್ಟಿ, ಎರಡು ತುದಿಯಲ್ಲಿ ಎರಡು ಬಳೆಯಷ್ಟನ್ನು ಬಿಟ್ಟು ನಡುವಿನದ್ದನ್ನು ತಗ್ಗುಮಾಡಿ, ಉಳಿಯನ್ನು ಕದಲಿಸದೆ ಎರಡೂ ಬಳೆಯ ಮೇಲೆ ತೆಳ್ಳಗೆ ಒಂದೇ ಸಲ ಹಾಯಿಸಿದೆ. ಎರಡೂ ಒಂದೇ ಅಳತೆ ಬಂದರೆ ಲೇತ್ ನೆಟ್ಟಗಿದೆ. ಬರಲಿಲ್ಲ. ರಸಮಟ್ಟ ಇಟ್ಟರೆ ಗುಳ್ಳೆ ಒಂದು ಗೆರೆ ಸರಿದಿತ್ತು. ತಗಡು ಸೇರಿಸಿದೆ, ಗುಳ್ಳೆ ನಡುವಿಗೆ ಬಂತು. ಮರುದಿನ ನೋಡಿದರೆ ಮತ್ತೆ ಸರಿದಿದೆ. ಮತ್ತೆ ತಗಡು. ಮೂರನೇ ದಿನವೂ ಅದೇ. ಬೋಲ್ಟಿನ ಮೇಲೆ ಅನುಮಾನ ಬಂದು ಬಿಚ್ಚಿ ಕಟ್ಟಿದೆ, ಹಳೆಯ ಬೆಡ್ಡಿನ ಮೇಲೆ ಅನುಮಾನ ಬಂದು ನೇರಪಟ್ಟಿ ಇಟ್ಟು ನೋಡಿದೆ, ಕೊನೆಗೆ ಗೋವಿಂದರಾಜು ಸಾಹೇಬರ ರಸಮಟ್ಟದ ಮೇಲೂ ಅನುಮಾನಪಟ್ಟೆ. ಇಪ್ಪತ್ತನಾಲ್ಕು ವರ್ಷದ ಅನುಭವ ಎಂದು ಎದೆ ತಟ್ಟಿಕೊಂಡವನನ್ನು ಒಂದು ಗಾಳಿಗುಳ್ಳೆ ದಿನಾ ಅಣಕಿಸುತ್ತಿತ್ತು. ಇದೇ ಗಲಾಟೆಯಲ್ಲಿ ಮೂರು ವಾರ ಹೋದವು. ಹುಳ ಬರಲು ಐದು ದಿನ ಉಳಿಯಿತು.

ಹುಳ ಬರುವ ಮುನ್ನ ಕೋಣೆಗೆ ಬ್ಲೀಚಿಂಗ್ ಪೌಡರ್ ಹೊಡೆದು ಸುಣ್ಣ ಬಳಿಯುವುದು ಪದ್ಧತಿ. ಜಯಮ್ಮ ಬಕೆಟ್ಟು ಹಿಡಿದು ಒಳಗೆ ಬಂದಳು. ನಾನು ಲೇತಿನ ಬಾಲದ ಕಡೆ ಮುಂಗಾಲಿನ ಹತ್ತಿರ ತಗಡು ತುರುಕುತ್ತಾ ನೆಲದ ಮೇಲೆ ಮಲಗಿದ್ದೆ. ಅವಳು ಬಕೆಟ್ಟು ಕೆಳಗಿಟ್ಟು, "ಹಗೇವಿನ್ ಬಾಯ್ ಮ್ಯಾಲೆ ಕಾಲಿಕ್ಕಿದ್ರೆ ಅದೆಂಗ್ ನಿಂತದು?" ಎಂದಳು.

ನಾನು ಎದ್ದು ಕೂತೆ. ಹಗೇವು ಎಂದರೆ ಹಿಂದಿನವರು ರಾಗಿ ತುಂಬಿಡಲು ಭೂಮಿಯೊಳಗೆ ತೋಡುತ್ತಿದ್ದ ಕಣಜ. ಬಾಯಿ ಕಿರಿದು, ಹೊಟ್ಟೆ ಅಗಲ, ಆಳೆತ್ತರದ ಆಳ. "ಇಲ್ಲಿ ಹಗೇವು ಐತಾ?"

"ಇತ್ತು. ನಾನು ಲಂಗ ಹಾಕೋ ಕಾಲ್ದಾಗೆ ಮುಚ್ಚಿದ್ದು. ಬೂದಿ, ತಿಪ್ಪೆ, ಹೆಂಚಿನ್ ಚೂರು ಎಲ್ಲಾ ಹಾಕಿದ್ರು. ಮಂಕರಿಲಿ ಹೊತ್ತು ಹಾಕ್ದೋಳೇ ನಾನು. ಮ್ಯಾಲೆ ಹುಳದ್ ಮನೆ ಕಟ್ಟುದ್ರು."

"ಗೊತ್ತಿದ್ದೂ ಯಾಕೇ ಹೇಳ್ಲಿಲ್ಲ?" ನಾನು ಕೂಗಿಯೇಬಿಟ್ಟೆ.

ಅವಳು ಕೂಗಲಿಲ್ಲ. "ಹೇಳಾಕ್ ಬಂದೆ. ಸುಮ್ನಿರು ಅಂದ್ರಿ. ನೀವು ಆ ಗುಳ್ಳೇನ ಕೇಳ್ತಾ ಕುಂತಿದ್ರಿ. ನಾನು ಬಾಗ್ಲಾಗೇ ಇದ್ದೆ" ಎಂದಳು.

ಬೆಡ್ ಅಳೆದೆ, ಬೋಲ್ಟ್ ಅಳೆದೆ, ಸಿಗರೇಟಿನ ಕಾಗದದಷ್ಟು ವ್ಯತ್ಯಾಸ ಅಳೆದೆ. ಆ ನೆಲದ ಮೇಲೆ ಹುಟ್ಟಿ ಬೆಳೆದವಳನ್ನು ಒಂದು ಮಾತು ಕೇಳಲಿಲ್ಲ. ನಿಮ್ಮಲ್ಲಿ ಯಾರಾದರೂ ನಾಳೆ ಇನ್ನೊಬ್ಬರ ಊರಿನಲ್ಲಿ, ಇನ್ನೊಬ್ಬರ ಜಾಗದಲ್ಲಿ ಯಂತ್ರ ಕೂರಿಸಲು ಹೋದರೆ, ಉಪಕರಣದ ಪೆಟ್ಟಿಗೆ ತೆಗೆಯುವ ಮೊದಲು ಅಲ್ಲಿ ಕಸ ಗುಡಿಸುವವರನ್ನು ಕೇಳಿ.

ನೆಲ ಒಡೆದು ನೋಡಿದೆವು. ಅವಳು ಹೇಳಿದ ಜಾಗದಲ್ಲೇ ಬೂದಿ, ತಿಪ್ಪೆ, ಹೆಂಚಿನ ಚೂರು. ಕಾಂಕ್ರೀಟಿನ ಕೆಳಗೆ ಒಂದು ಮೊಳ ಪೊಳ್ಳು. ಲೇತಿನ ಒಂದು ಕಾಲು ಸರಿಯಾಗಿ ಅದರ ಬಾಯಿಯ ಮೇಲೆ ಇತ್ತು. ಎಲ್ಲ ತೆಗೆದು, ಸೈಜುಗಲ್ಲು ತುಂಬಿ, ಕಾಂಕ್ರೀಟು ಹಾಕಿ, ದಿನಾ ನೀರು ಹೊಡೆದು, ಮೂರು ವಾರ ಬಿಡಬೇಕು. ಹುಳ ಬರಲು ಇದ್ದದ್ದು ಐದು ದಿನ. ಜಾಗ ಬದಲಿಸೋಣವೆಂದರೆ ಇನ್ನೊಂದು ಪಕ್ಕ ಬೆಳಕಿಲ್ಲ, ಆ ನೆಲವೂ ಎಷ್ಟು ಗಟ್ಟಿ ಎಂದು ಹೇಳುವಂತಿರಲಿಲ್ಲ. ಕೊಟ್ಟ ಮಾತು ಕೊಟ್ಟದ್ದೇ. ಸಂಜೆ ಅಂಗಿ ಹಾಕಿಕೊಂಡು, ಗುಜರಿಯವನಿಗೆ ಹೇಳಿ ಬರುತ್ತೇನೆ ಎಂದು ಚಪ್ಪಲಿ ಮೆಟ್ಟಿದೆ.

"ಆ ಸಿಮೆಂಟು ಗಟ್ಟಿಯಾಗಾಕೆ ಎಷ್ಟ್ ದಿನ ಅಂದ್ರಿ?" ಎಂದಳು ಜಯಮ್ಮ.

"ಮೂರು ವಾರ."

"ಹುಳ ಹಣ್ಣಾಗಿ ಗೂಡು ಕಟ್ಟಾಕೂ ಹೆಚ್ಚುಕಮ್ಮಿ ಅಷ್ಟೇಯ. ನಡುಮನೇಲಿ ಸಾಕ್ತೀನಿ. ನಮ್ಮವ್ವ ಸಾಕ್ತಿರ್ಲಿಲ್ವಾ? ನಾವು ಜಗಲೀಲಿ ಮಲಗಾನ. ಆದ್ರೆ ಸೊಪ್ಪು ನೀವೇ ತರ್ಬೇಕು, ಹೊತ್ತೊತ್ತಿಗೆ ನೀವೇ ಹಾಕ್ಬೇಕು. ಬೀಡಿ ಮುಟ್ಟಂಗಿಲ್ಲ." ಚಪ್ಪಲಿ ಬಿಟ್ಟೆ. ಬೀಡಿಯನ್ನೂ ಬಿಟ್ಟೆ. ಹುಳ ಬರುವಷ್ಟರಲ್ಲಿ ಹಗೇವು ತುಂಬಿ ಕಾಂಕ್ರೀಟು ಹಾಕಿ ಮುಗಿಸಿದೆ.

ಆ ಮೂರು ವಾರ ನಾನು ಕಂಡ ಮೇಲಧಿಕಾರಿಗಳಲ್ಲೆಲ್ಲ ಖಡಕ್ಕಾದವಳು ಜಯಮ್ಮ. ಸೊಪ್ಪು ಬಿಸಿಲೇರುವ ಮುಂಚೆ ಕೊಯ್ಯಬೇಕು, ಒದ್ದೆ ಸೊಪ್ಪು ಹಾಕಬಾರದು, ಒಲೆ ಹಚ್ಚುವಾಗ ನಡುಮನೆಯ ಬಾಗಿಲು ಮುಚ್ಚಬೇಕು. ಹುಳ ಪೊರೆ ಕಳಚಲು ಅಲ್ಲಾಡದೆ ಕೂರುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಜ್ವರದಲ್ಲಿದ್ದಾಗ ಮೇವು ಹಾಕಿದರೆ ಗದರುತ್ತಿದ್ದಳು. ಕತ್ತಲೆಯಲ್ಲೂ ಕೈಯಾಡಿಸಿ, ಈ ತಟ್ಟೆಯವು ಎದ್ದಿವೆ, ಆ ತಟ್ಟೆಯವು ನಾಳೆ ಏಳುತ್ತವೆ ಎನ್ನುತ್ತಿದ್ದಳು, ಹಾಗೇ ಆಗುತ್ತಿತ್ತು. ಮೈಕ್ರೋಮೀಟರ್ ಇಲ್ಲದೆ ಅಷ್ಟು ಕರಾರುವಾಕ್ಕಾಗಿ ಅಳೆಯುವವರನ್ನು ನಾನು ಫ್ಯಾಕ್ಟರಿಯಲ್ಲಿ ನೋಡಿರಲಿಲ್ಲ. ಇಷ್ಟು ವರ್ಷ ಸಂಸಾರ ಮಾಡಿಯೂ ಅವಳ ಕೆಲಸವನ್ನು ಒಂದು ದಿನ ನಿಂತು ನೋಡಿರಲಿಲ್ಲವಲ್ಲ ಎಂದು ನಿಜಕ್ಕೂ ನಾಚಿಕೆಯಾಯಿತು.

ನಾಲ್ಕನೇ ಜ್ವರ ಎದ್ದ ಮೇಲೆ ಕೆಲವು ಹುಳ ಊದಿಕೊಂಡು, ಮೈಯಿಂದ ಹಾಲಿನಂತೆ ರಸ ಬಿಡತೊಡಗಿದವು. ಹಾಲುತೊಂಡೆ ರೋಗ. ನಡುಮನೆಗೆ ಹುಳದ ಮನೆಯಂತೆ ಬ್ಲೀಚಿಂಗ್ ಹೊಡೆಯಲಾಗಿರಲಿಲ್ಲ, ಒಲೆಯ ಕಾವು ಬೇರೆ. ಒಂದು ತಟ್ಟೆಯಿಂದ ಇನ್ನೊಂದಕ್ಕೆ ಹಬ್ಬಿ, ನಾಲ್ಕು ದಿನದಲ್ಲಿ ಅರ್ಧ ಬೆಳೆ ಹೋಯಿತು. ಜಯಮ್ಮ ಸತ್ತ ಹುಳಗಳನ್ನು ಆರಿಸಿ ಬುಟ್ಟಿಗೆ ಹಾಕಿ, ಹಿತ್ತಲಲ್ಲಿ ಗುಂಡಿ ತೋಡಿ, ಸುಣ್ಣ ಸುರಿದು ಮುಚ್ಚಿದಳು. ಅಳಲಿಲ್ಲ. ಕೈ ತೊಳೆದುಕೊಂಡು ಉಳಿದವಕ್ಕೆ ಸೊಪ್ಪು ಹಾಕಿದಳು.

ಕಾಂಕ್ರೀಟಿನ ಮೂರು ವಾರ ಮುಗಿದದ್ದು ಆ ದಿನವೇ. ಹುಳದ ಮನೆಯ ಮೆಟ್ಟಿಲ ಮೇಲೆ ಕೂತಿದ್ದೆ. ಅವಳು ಬಂದು ಎದುರಿಗೆ ನಿಂತಳು. "ಯಾಕ್ ಕುಂತಿದ್ದೀರಿ?"

"ಯಾವ್ ಮುಖ ಇಟ್ಕೊಂಡು ಹೋಗ್ಲಿ? ನನ್ ಹಟಕ್ಕೆ ನಿನ್ ಬೆಳೆ ಹೋಯ್ತು."

"ಅರ್ಧ ಹೋಗದೆ. ನೀವು ಇಲ್ಲೇ ಕುಂತ್ರೆ ಪೂರ್ತಿ ಹೋಯ್ತದೆ. ಏಳಿ ಮ್ಯಾಕೆ" ಎಂದಳು.

ಎದ್ದೆ. ಹೊಸ ತಳದ ಮೇಲೆ ಲೇತನ್ನು ಇಳಿಸಿ, ಬೋಲ್ಟ್ ಬಿಗಿಮಾಡಿ, ರಸಮಟ್ಟ ಇಟ್ಟೆ. ಒಂದು ದಿನ ಬಿಟ್ಟು ನೋಡಿದೆ, ಗುಳ್ಳೆ ಇಟ್ಟಲ್ಲೇ ಇತ್ತು. ಎರಡು ದಿನ ಬಿಟ್ಟು ನೋಡಿದೆ, ಅಲ್ಲೇ ಇತ್ತು. ಸರಳು ಕಟ್ಟಿ, ಎರಡು ಬಳೆಯ ಮೇಲೂ ಉಳಿ ಹಾಯಿಸಿ ಅಳೆದೆ. ಎರಡೂ ಒಂದೇ. ನಂಬಿಕೆ ಬರದೆ ಮುಖ ತೊಳೆದುಕೊಂಡು ಬಂದು ಮತ್ತೆ ಅಳೆದೆ. ಒಂದೇ. ಆಮೇಲೆ ಸಾಬರ ಶಾಫ್ಟಿಗೆ ಹೊಸ ಸರಳು ಕಟ್ಟಿದೆ. ಕಬ್ಬಿಣದ ಸಿಬಿರು ಸುರುಳಿ ಸುರುಳಿಯಾಗಿ ಬಿಡದೆ ಬಿತ್ತು. ಇಡೀ ದಿನ ಮಾಡಿದೆ. ಅವಸರ ಮಾಡಬಾರದೆಂದು ನನಗೆ ನಾನೇ ಹೇಳಿಕೊಳ್ಳುತ್ತಾ ಮಾಡಿದೆ.

ಇದಾದ ಮೇಲೆ ಬಿಡದಿ ಕಡೆ ಫ್ಯಾಕ್ಟರಿ ಶೆಡ್ಡುಗಳು ಎದ್ದವು, ಕನಕಪುರದಿಂದಲೂ ಕೆಲಸ ಹುಡುಕಿಕೊಂಡು ಬಂತು. ದೊಡ್ಡವರ ಯಂತ್ರ ಮಾಡಲೊಲ್ಲದ ಒಂದೊಂದು ಬಿಡಿ ಭಾಗ ನನ್ನ ಹಳೇ ಲೇತಿಗೇ ಬರುತ್ತ ಹದಿನಾರು ವರ್ಷ ಅನ್ನ ಹಾಕಿತು. ಜಯಮ್ಮನಿಗೆ ನಾನು ಮಾತು ಕೊಟ್ಟಂತೆ ಬೇರೆ ಹುಳದ ಮನೆ ಕಟ್ಟಿಸಲು ನಾಲ್ಕು ವರ್ಷ ಹಿಡಿಯಿತು. ಅದು ನನ್ನ ತಪ್ಪು, ಅವಳು ಅದನ್ನು ಹಬ್ಬಹಬ್ಬಕ್ಕೂ ನೆನಪಿಸುತ್ತಾಳೆ.

ಎರಡನೇ ಶಾಫ್ಟ್ ಹಿಡಿದುಕೊಂಡು ಚನ್ನಪಟ್ಟಣಕ್ಕೆ ಹೋದ ದಿನ ಸಾಬರು ಅದನ್ನು ಬಟ್ಟೆಯಿಂದ ಬಿಡಿಸಿಕೊಂಡರು. ಒಂದು ತುದಿಗೆ ಬೇರಿಂಗಿಟ್ಟು ಮರದ ಸುತ್ತಿಗೆಯಿಂದ ತಟ್ಟಿದರು, ಕೂತಿತು. ಶಾಫ್ಟನ್ನು ತಿರುಗಿಸಿ ಇನ್ನೊಂದು ತುದಿಗೆ ಇಟ್ಟರು. ನಾನು ಕಣ್ಣು ಬೇರೆ ಕಡೆ ಇಟ್ಟುಕೊಂಡೆ. ತಟ್ಟುವ ಸದ್ದು ಕೇಳಿಸಿತು, ಅದೇ ಸದ್ದು. ರಾಟೆ ಏರಿಸಿ ಕೈಯಿಂದ ಒಂದು ಸುತ್ತು ಬಿಟ್ಟರು. ಅದು ಸದ್ದಿಲ್ಲದೆ ಬಹಳ ಹೊತ್ತು ತಿರುಗಿತು. "ಇನ್ನೂ ಆರು ಮಾಡ್ಕೊಡಿ ಅಣ್ಣಾ" ಎಂದರು.

ಮನೆಗೆ ಬಂದಾಗ ಜಯಮ್ಮ ಜಗಲಿಯಲ್ಲಿ ಕೂತು, ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯಿಂದ ಗೂಡು ಬಿಡಿಸುತ್ತಿದ್ದಳು. ಬೇರೆ ಸಲ ಮೂರು ಚೀಲ ತುಂಬುತ್ತಿದ್ದ ಕಡೆ ಒಂದೂವರೆ ಚೀಲ ಇತ್ತು. ನನ್ನ ಕೈ ಖಾಲಿ ಇರುವುದನ್ನು ನೋಡಿದಳು.

"ಶಾಫ್ಟ್ ಎಲ್ಲಿ?"

"ಸಾಬ್ರು ಇಟ್ಕೊಂಡ್ರು."

"ಎರಡ್ ಕಡೇನೂ ಕೂತ್ಕೊಂತಾ?"

"ಕೂತ್ಕೊಂತು."

ಅವಳು ಇನ್ನೊಂದು ಗೂಡು ಬಿಡಿಸಿ, ಬೆರಳಲ್ಲಿ ಒತ್ತಿ ಗಟ್ಟಿ ನೋಡಿ ಚೀಲಕ್ಕೆ ಹಾಕಿದಳು. "ಹಂಗಾದ್ರೆ ನನ್ ಬೆಳೆ ಹೋಗಿಲ್ಲ ಬುಡಿ" ಎಂದಳು.